ಮಕ್ಕಳ ನ್ಯಾಯಪೀಠದ ಮುಂದೆ ನಿಂತ ಗುರು: ಯಾನುಷ್ ಕೊರ್ಚಾಕ್

ಪೋಲೆಂಡ್ ದೇಶದ ಯಾನುಷ್ ಕೊರ್ಚಾಕ್ ಅವರ ಹೆಸರನ್ನು ಕೇಳಿದವರಲ್ಲಿ ಹೆಚ್ಚಿನವರು ಬಲ್ಲದ್ದು ಅವರ ಬದುಕಿನ ಕೊನೆಯ ದಿನವನ್ನು ಮಾತ್ರ. 1942ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ತಾವು ಸಾಕುತ್ತಿದ್ದ ಸುಮಾರು ಇನ್ನೂರು ಅನಾಥ ಮಕ್ಕಳ ಜೊತೆಗೆ ನಾಜಿಗಳ ಮರಣಶಿಬಿರಕ್ಕೆ ಹೋದ ವೈದ್ಯರೆಂದು ಜಗತ್ತು ಅವರನ್ನು ನೆನೆಯುತ್ತದೆ. ಆ ಮರಣದ ಹಿರಿಮೆಯನ್ನು ಯಾರೂ ಕಿರಿದುಮಾಡಲಾರರು. ಆದರೆ ಶಿಕ್ಷಕವೃತ್ತಿಯಲ್ಲಿರುವ ನನ್ನಂಥವರಿಗೆ ಹೆಚ್ಚು ಬೇಕಾಗಿರುವುದು ಆ ದಿನಕ್ಕೆ ಹಿಂದಿನ ಮೂವತ್ತು ವರ್ಷಗಳ ಕಥೆ. ಊಟದ ಹಾಲಿನಲ್ಲಿ, ಮೆಟ್ಟಿಲುಗಳ ಮೇಲೆ, ಗೋಡೆಗೆ ತೂಗುಹಾಕಿದ ಒಂದು ಹಲಗೆಯ ಮುಂದೆ ಆ ಮಕ್ಕಳಿಗೂ ಅವರಿಗೂ ನಡುವೆ ನಂಬಿಕೆ ಬೆಳೆದ ಬಗೆಯನ್ನು, ನಮ್ಮ ಶಾಲೆಗೆ ನೂರು ತುಂಬಿದ ಈ ಸಂದರ್ಭದಲ್ಲಿ, ಸಂಚಿಕೆಯ ಓದುಗರಾದ ರಕ್ಷಕರು, ಹಳೆ ವಿದ್ಯಾರ್ಥಿಗಳು ಮತ್ತು ಸಹೋದ್ಯೋಗಿಗಳ ಮುಂದೆ ಇಡಬೇಕೆಂಬುದು ನನ್ನ ಆಸೆ.

ಕೊರ್ಚಾಕ್ ಎಂಬುದು ಕಾವ್ಯನಾಮ. ಹೆತ್ತವರು ಇಟ್ಟ ಹೆಸರು ಹೆನ್ರಿಕ್ ಗೋಲ್ಡ್‌ಶ್ಮಿತ್. ಜನನ ವಾರ್ಸಾ ನಗರದಲ್ಲಿ, ಜುಲೈ 22ರಂದು. ವರ್ಷ 1878 ಅಥವಾ 1879. ತಂದೆ ಮಗುವಿನ ಜನನವನ್ನು ಕಾಲಕ್ಕೆ ಸರಿಯಾಗಿ ದಾಖಲಿಸದ ಕಾರಣ ಆ ಒಂದು ವರ್ಷದ ಅನುಮಾನ ಅವರ ಜೊತೆಯಲ್ಲಿಯೇ ಉಳಿಯಿತು. ಮನೆತನ ಯೆಹೂದಿಗಳದು, ಮನೆಮಾತು ಪೋಲಿಷ್. ತಂದೆ ಹೆಸರುವಾಸಿ ವಕೀಲರು. ಆದ್ದರಿಂದ ಬಾಲ್ಯದ ಮೊದಲ ವರ್ಷಗಳಲ್ಲಿ ಯಾವ ಕೊರತೆಯೂ ಇರಲಿಲ್ಲ.

ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಶಾಲೆಯ ಮಾಧ್ಯಮ ರಷ್ಯನ್. ಮನೆಯಲ್ಲಿ ಆಡುವ ಮಾತನ್ನು ಶಾಲೆಯ ಆವರಣದಲ್ಲಿ ಆಡಿದರೆ ಅದು ಅಪರಾಧ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದನ್ನು ನೂರು ವರ್ಷ ಉಳಿಸಿಕೊಂಡು ಬಂದ ನಮಗೆ ಈ ಸಂಗತಿ ಓದಿದೊಡನೆ ಮನಸ್ಸಿಗೆ ತಟ್ಟುತ್ತದೆ. ಹಾಗೆಂದು ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ನಮ್ಮ ಮಕ್ಕಳು ಕನ್ನಡದಲ್ಲಿಯೇ ಅಕ್ಷರ ಕಲಿತರು. ಭಾಷಾ ಅಲ್ಪಸಂಖ್ಯಾತರೆಂಬ ರಕ್ಷಣೆ ಸಂವಿಧಾನದಿಂದ ನಮಗೆ ದೊರೆತಿದೆ. ಬಾಲಕ ಹೆನ್ರಿಕ್‌ಗೆ ಅಂಥದೇನೂ ಇರಲಿಲ್ಲ. ಅರ್ಥವಾಗದ ಭಾಷೆಯ ಜೊತೆಗೆ ಬೆತ್ತವೂ ಇತ್ತು. ಚಿಕ್ಕ ತರಗತಿಯಲ್ಲಿದ್ದಾಗ ಸಹಪಾಠಿಯೊಬ್ಬನಿಗೆ ಎಲ್ಲರೆದುರು ಬಿದ್ದ ಏಟುಗಳನ್ನು ಆತ ಕಂಡ. ಏಟು ಬಿದ್ದದ್ದು ಇನ್ನೊಬ್ಬನಿಗೆ. ಭಯ ಹೊಕ್ಕದ್ದು ಇವನಿಗೆ. ಆ ಭಯವನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. ತರಗತಿಯಲ್ಲಿ ಒಬ್ಬನನ್ನು ಹೊಡೆದರೆ ಉಳಿದವರು ಪಾಠ ಕಲಿಯುತ್ತಾರೆಂದು ಈಗಲೂ ನಂಬಿರುವ ಹಿರಿಯರು ನಮ್ಮ ನಡುವೆ ಇದ್ದಾರೆ. ಉಳಿದವರು ಕಲಿಯುವ ಪಾಠ ಯಾವುದೆಂಬುದಕ್ಕೆ ಈ ಬಾಲಕನೇ ಸಾಕ್ಷಿ.

ಹದಿಹರೆಯದಲ್ಲಿ ಮನೆಯ ಸ್ಥಿತಿ ಕುಸಿಯಿತು. ತಂದೆ ಮಾನಸಿಕ ಕಾಯಿಲೆಯಿಂದ ನರಳಿ, ದೀರ್ಘಕಾಲ ಚಿಕಿತ್ಸೆ ಪಡೆದು, 1896ರಲ್ಲಿ ತೀರಿಕೊಂಡರು. ಶಾಲೆಗೆ ಹೋಗುತ್ತಿದ್ದ ಹುಡುಗನೇ ಸ್ಥಿತಿವಂತರ ಮಕ್ಕಳಿಗೆ ಮನೆಪಾಠ ಹೇಳಿ ತಾಯಿಗೆ ನೆರವಾಗಬೇಕಾಯಿತು. ಇಪ್ಪತ್ತರ ಆಸುಪಾಸಿನಲ್ಲಿ ಒಂದು ಸಾಹಿತ್ಯ ಸ್ಪರ್ಧೆಗೆ ನಾಟಕ ಬರೆದು ಕಳುಹಿಸುವಾಗ, ಹಳೆಯ ಕಾದಂಬರಿಯೊಂದರ ನಾಯಕನ ಹೆಸರನ್ನು ತಮ್ಮದಾಗಿಸಿಕೊಂಡರು. ಮುಂದೆ ಆ ಹೆಸರೇ ಉಳಿಯಿತು. ವೈದ್ಯಶಾಸ್ತ್ರವನ್ನು ಓದಿ 1905ರಲ್ಲಿ ಪದವಿ ಪಡೆದರು. ರಷ್ಯಾ ಮತ್ತು ಜಪಾನಿನ ನಡುವಣ ಯುದ್ಧದಲ್ಲಿ ಸೇನಾ ವೈದ್ಯರಾಗಿ ದುಡಿದರು. ಹಿಂತಿರುಗಿ ವಾರ್ಸಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ 1912ರವರೆಗೂ ಕೆಲಸಮಾಡಿದರು. ಹಣವಂತರ ಮನೆಗಳಲ್ಲಿ ದೊಡ್ಡ ಶುಲ್ಕ ಪಡೆಯುವುದು, ಬಡವರ ನೆಲಮಾಳಿಗೆಗಳಿಗೆ ಪುಡಿಗಾಸಿಗೆ ಹೋಗುವುದು ಅವರ ರೂಢಿ. ಬರವಣಿಗೆಯಿಂದಲೂ ಹೆಸರು ಬಂದಿತ್ತು. ಹೀಗೆ ನೆಲೆಯೂರಿದ ವೈದ್ಯರೊಬ್ಬರು ಅದನ್ನೆಲ್ಲ ಬಿಟ್ಟು ಅನಾಥಾಲಯದ ಹೊಣೆ ಹೊತ್ತದ್ದು ಅನೇಕರಿಗೆ ವಿಚಿತ್ರವಾಗಿ ಕಂಡಿತು. ಮದ್ದು ಕೊಟ್ಟು ಗುಣಪಡಿಸಿದ ಮಗುವನ್ನು ಅದೇ ಹಸಿವಿಗೆ, ಅದೇ ಕತ್ತಲೆಕೋಣೆಗೆ ಹಿಂದಕ್ಕೆ ಕಳುಹಿಸುವುದು ಅವರಿಂದ ಆಗಲಿಲ್ಲ.

ಮಕ್ಕಳೊಡನೆ ಅವರ ಮೊದಲ ಅನುಭವ ಸೋಲಿನದು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಬಡಮಕ್ಕಳನ್ನು ಬೇಸಗೆಯಲ್ಲಿ ಹಳ್ಳಿಯ ಶಿಬಿರಕ್ಕೆ ಕರೆದೊಯ್ಯುವ ಸೇವಾಸಂಸ್ಥೆಯೊಂದರ ಜೊತೆಗೆ 1907 ಮತ್ತು 1908ರಲ್ಲಿ ಅವರು ಹೋದರು. ಆಟಗಳು, ಕಥೆಗಳು, ತಮ್ಮ ಪ್ರೀತಿ, ಇಷ್ಟಿದ್ದರೆ ಸಾಕೆಂದು ನಂಬಿದ್ದರು. ಮಕ್ಕಳು ಆ ಪ್ರೀತಿಯನ್ನು ಅಳೆದು ನೋಡಿದರು. ರಾತ್ರಿ ಮಲಗುವ ಕೋಣೆಯಲ್ಲಿ ಗದ್ದಲ ಮಾಡಿದರು. ಸಿಳ್ಳೆ, ಕೂಗು, ಜಗಳ. ಸೌಮ್ಯರಾದ ವೈದ್ಯರು ಕೊನೆಗೆ ಸಿಟ್ಟಿಗೆದ್ದು, ಬೆದರಿಸಿ, ಶಿಕ್ಷೆ ಕೊಟ್ಟರು. ಹೊಸದಾಗಿ ಬಿ.ಎಡ್. ಮುಗಿಸಿ ತರಗತಿಗೆ ಕಾಲಿಟ್ಟ ಯಾವ ತರುಣ ಶಿಕ್ಷಕರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಕೊರ್ಚಾಕರು ಅಲ್ಲಿಗೆ ನಿಲ್ಲಲಿಲ್ಲ. ಮರುದಿನ ಮಕ್ಕಳನ್ನು ಕಾಡಿನ ನೆರಳಿಗೆ ಕರೆದೊಯ್ದು, ನಡೆದುದನ್ನೆಲ್ಲ ಅವರೊಡನೆ ಕುಳಿತು ಮಾತಾಡಿದರು. ಮಕ್ಕಳಿಗೆ ಹೇಳುವುದು ಬೇರೆ, ಮಕ್ಕಳೊಡನೆ ಮಾತಾಡುವುದು ಬೇರೆ ಎಂಬುದು ತಮಗೆ ಮೊದಲಬಾರಿಗೆ ತಿಳಿದದ್ದು ಅಂದು ಎಂದು ಅವರು ಗುರುತಿಸಿಕೊಂಡಿದ್ದಾರೆ. ಅವರ ಮುಂದಿನ ಕೆಲಸವೆಲ್ಲ ಹೊರಟದ್ದು ಈ ತಿಳಿವಿನಿಂದ.

1912ರ ಅಕ್ಟೋಬರ್ ತಿಂಗಳಲ್ಲಿ ವಾರ್ಸಾದ ಕ್ರೊಖ್ಮಾಲ್ನಾ ಬೀದಿಯ 92ನೆಯ ಸಂಖ್ಯೆಯ ಹೊಸ ಕಟ್ಟಡದಲ್ಲಿ ಅನಾಥಾಲಯ ತೆರೆಯಿತು. ಸುಮಾರು ನೂರು ಮಕ್ಕಳು. ಕೊರ್ಚಾಕರು ನಿರ್ದೇಶಕರು, ಮನೆಯ ದಿನನಿತ್ಯದ ಭಾರ ಹೊತ್ತವರು ಸ್ತೆಫಾನಿಯಾ ವಿಲ್ಚಿನ್ಸ್ಕಾ. ಬೆಲ್ಜಿಯಂನಲ್ಲಿ ವಿಜ್ಞಾನ ಓದಿ ಬಂದಿದ್ದ ಈ ತರುಣಿ ಮೂವತ್ತು ವರ್ಷ ಆ ಮನೆಯ ತಾಯಿಯಾಗಿ ನಿಂತರು. ಹಾಸಿಗೆ, ಬಟ್ಟೆ, ಅಡುಗೆ, ಜ್ವರ, ಲೆಕ್ಕಪತ್ರ ಎಲ್ಲವೂ ಅವರ ಕೈಯಲ್ಲಿ. ವೈದ್ಯರ ಹೆಸರು ಲೋಕವೆಲ್ಲ ಹರಡಿತು. ಈಕೆಯ ಹೆಸರು ಹಿಂದೆ ಉಳಿಯಿತು. ಶಾಲೆಗಳ ಚರಿತ್ರೆಯಲ್ಲಿ ಹೀಗಾಗುವುದು ಅಪೂರ್ವವೇನಲ್ಲ.

ಹೊಸ ಮನೆಯಲ್ಲಿ ಬಿಸಿನೀರಿನ ಸ್ನಾನಗೃಹಗಳಿದ್ದವು, ಬೆಳಕಿನ ದೊಡ್ಡ ಹಾಲ್ ಇತ್ತು. ಆದರೂ ಮೊದಲನೆಯ ವರ್ಷ ಹೋರಾಟದಲ್ಲಿಯೇ ಕಳೆಯಿತು. ಹಳೆಯ ಅವ್ಯವಸ್ಥೆಗೆ ಒಗ್ಗಿಹೋಗಿದ್ದ ಮಕ್ಕಳು ಹೊಸ ನಿಯಮಗಳಿಗೆ ಗುಟ್ಟಾಗಿ ಎದುರುನಿಂತರು. ಒಳ್ಳೆಯ ಕಟ್ಟಡ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆಂಬ ಎಣಿಕೆ ಅಲ್ಲಿಯೂ ಫಲಿಸಲಿಲ್ಲ. ಮನೆಯನ್ನು ನಡೆಸುವವರು ಮಕ್ಕಳೇ ಆಗಬೇಕೆಂದು ಕಂಡುಕೊಂಡ ಮೇಲೆ ದಾರಿ ತೆರೆಯಿತು. ಅದಕ್ಕಾಗಿ ಒಂದೊಂದಾಗಿ ರೂಪಿಸಿದ ಏರ್ಪಾಡುಗಳು ನೋಡಲು ಬಹಳ ಸಣ್ಣವು.

ಮೊದಲನೆಯದು ಸೂಚನಾ ಫಲಕ, ಮಕ್ಕಳ ಕಣ್ಣಿಗೆ ಎಟುಕುವಂತೆ ತೂಗುಹಾಕಿದ್ದು. ಎರಡನೆಯದು ಅಂಚೆಪೆಟ್ಟಿಗೆ. ನೂರು ಮಕ್ಕಳಿರುವ ಮನೆಯಲ್ಲಿ ವೈದ್ಯರು ಮೆಟ್ಟಿಲು ಹತ್ತುವಾಗ ಹತ್ತು ಮಂದಿ ಅಂಗಿ ಹಿಡಿದು ನಿಲ್ಲಿಸುತ್ತಿದ್ದರು. ಒಬ್ಬನ ದೂರು, ಇನ್ನೊಬ್ಬಳ ಬೇಡಿಕೆ, ಮತ್ತೊಬ್ಬನ ಗುಟ್ಟು. ಹೇಳಬೇಕಾದುದನ್ನು ಬರೆದು ಪೆಟ್ಟಿಗೆಗೆ ಹಾಕಬೇಕೆಂದೂ, ಸಂಜೆ ಉತ್ತರ ದೊರೆಯುವುದೆಂದೂ ಏರ್ಪಾಡಾಯಿತು. ಇದರಿಂದ ಹಿರಿಯರಿಗೆ ಬಿಡುವು ದೊರೆತದ್ದಷ್ಟೇ ಅಲ್ಲ. ಬರೆಯುವ ಮೊದಲು ಮಗು ಯೋಚಿಸಬೇಕು, ಉತ್ತರಕ್ಕೆ ಕಾಯಬೇಕು, ಚಿಕ್ಕ ಸಂಗತಿ ಯಾವುದು, ದೊಡ್ಡದು ಯಾವುದು ಎಂದು ತಾನೇ ತೂಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯ ಮಗುವಿನ ಮಾತೂ ಗಟ್ಟಿಗನ ಮಾತಿನಷ್ಟೇ ಖಚಿತವಾಗಿ ಗುರುಗಳನ್ನು ಮುಟ್ಟುತ್ತಿತ್ತು. ಬೆಂಚಿನ ಕೊನೆಯಲ್ಲಿ ಕುಳಿತು ವರ್ಷವಿಡೀ ತುಟಿಬಿಚ್ಚದ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಅವರಿಗಾಗಿ ಈ ಒಂದು ಪೆಟ್ಟಿಗೆಯನ್ನಾದರೂ ಎಲ್ಲ ಶಾಲೆಗಳಲ್ಲಿಯೂ ಇಡಬಹುದೆಂದು ನನ್ನ ಅಭಿಪ್ರಾಯ.

ಇನ್ನೊಂದು ಏರ್ಪಾಡು ಪಂದ್ಯ. ಜಗಳಗಂಟ ಹುಡುಗನೊಬ್ಬ ಬಂದು, ಈ ವಾರ ಇಷ್ಟೇ ಸಲ ಹೊಡೆದಾಡುತ್ತೇನೆಂದು ವೈದ್ಯರೊಡನೆ ಪಂದ್ಯ ಕಟ್ಟಬಹುದಿತ್ತು. ಒಮ್ಮೆಲೇ ಬಿಟ್ಟುಬಿಡುವೆನೆಂದು ಹೇಳುವ ಅಗತ್ಯವಿರಲಿಲ್ಲ. ಕಳೆದ ವಾರಕ್ಕಿಂತ ಒಂದೆರಡು ಕಡಿಮೆಯಾದರೂ ಸಾಕು, ಗೆದ್ದರೆ ಮಿಠಾಯಿ. ಗೆದ್ದೆನೋ ಸೋತೆನೋ ಎಂಬುದನ್ನು ಹುಡುಗನೇ ಹೇಳಬೇಕು. ವೈದ್ಯರು ಅದನ್ನು ನಂಬುತ್ತಿದ್ದರು. ಹೊಸದಾಗಿ ಸೇರಿದ ಮಗುವಿಗೆ ಹಿರಿಯ ಮಗುವೊಂದನ್ನು ಮೂರು ತಿಂಗಳ ಕಾಲ ಪೋಷಕನನ್ನಾಗಿ ನೇಮಿಸುತ್ತಿದ್ದರು. ಹಿಂದೆ ತಾನೇ ತುಂಟನೆನಿಸಿಕೊಂಡವನಿಗೂ ಈ ಹೊಣೆ ದೊರೆಯುತ್ತಿತ್ತು. ಗುಡಿಸುವ, ಒರೆಸುವ, ಪಾತ್ರೆ ತೊಳೆಯುವ ಕೆಲಸಗಳು ಸರದಿಯಲ್ಲಿ ಮಕ್ಕಳ ಪಾಲಿಗೆ ಬರುತ್ತಿದ್ದವು. ಊಟವಾದ ಮೇಲೆ ಎಂಜಲು ತಟ್ಟೆಗಳನ್ನು ಒಟ್ಟುಮಾಡುವ ಕೆಲಸಕ್ಕೆ ಅನೇಕ ವೇಳೆ ನಿರ್ದೇಶಕರೇ ನಿಲ್ಲುತ್ತಿದ್ದರು.

ಎಲ್ಲಕ್ಕಿಂತ ಹೆಸರಾದದ್ದು ಮಕ್ಕಳ ನ್ಯಾಯಾಲಯ. ವಾರದಲ್ಲಿ ತಮ್ಮ ಮೇಲೆ ಯಾವ ದೂರೂ ಇಲ್ಲದ ಮಕ್ಕಳಿಂದ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರಾಗಿ ಆರಿಸುತ್ತಿದ್ದರು. ಯಾರು ಯಾರ ಮೇಲೆ ಬೇಕಾದರೂ ದೂರು ಕೊಡಬಹುದು. ಶಿಕ್ಷಕರ ಮೇಲೂ ಕೊಡಬಹುದು. ಶಿಕ್ಷಕರೂ ಮಕ್ಕಳಂತೆಯೇ ಉತ್ತರಿಸಬೇಕು. ಹಿರಿಯರೊಬ್ಬರು ಕಾರ್ಯದರ್ಶಿಯಾಗಿ ಹೇಳಿಕೆಗಳನ್ನು ಬರೆದು ಓದುತ್ತಿದ್ದರು, ಅವರಿಗೆ ಮತವಿರಲಿಲ್ಲ. ಈ ನ್ಯಾಯಾಲಯಕ್ಕೆ ಕೊರ್ಚಾಕರು ಬರೆದುಕೊಟ್ಟ ಸಂಹಿತೆಯಲ್ಲಿ ವಿಧಿಗಳ ಸಂಖ್ಯೆ ಒಂದರಿಂದ ಆರಂಭವಾಗಿ ಸಾವಿರದವರೆಗೆ ಹೋಗುತ್ತದೆ. ಅವುಗಳಲ್ಲಿ ಮೊದಲ ತೊಂಬತ್ತೊಂಬತ್ತು ಕ್ಷಮೆಯವು: ತಿಳಿಯದೆ ಮಾಡಿದ, ಮತ್ತೆ ಮಾಡುವುದಿಲ್ಲವೆಂಬ ಭರವಸೆಯಿದೆ, ಈಗಾಗಲೇ ಪಶ್ಚಾತ್ತಾಪ ಪಟ್ಟಿದ್ದಾನೆ, ಹೀಗೆ. ನೂರನೆಯದರಿಂದ ಮುಂದೆ ನೂರುನೂರರ ಅಂತರದಲ್ಲಿ ತೀರ್ಪು ಕಠಿಣವಾಗುತ್ತ ಹೋಗುತ್ತದೆ. ಸಾವಿರದ ವಿಧಿ ಮನೆಯಿಂದ ಹೊರಹಾಕುವುದು. ಅಲ್ಲಿಯವರೆಗೆ ತಲುಪಿದವರು ಬಲು ವಿರಳ. ಹೆಚ್ಚಿನ ತೀರ್ಪುಗಳು ಕ್ಷಮೆಯಲ್ಲಿಯೇ ಮುಗಿಯುತ್ತಿದ್ದವು. ನಿರಪರಾಧಿಯೆಂದು ಬಿಡುವುದಕ್ಕೂ ಅಪರಾಧವನ್ನು ಕಂಡು ಕ್ಷಮಿಸುವುದಕ್ಕೂ ಇರುವ ಅಂತರವನ್ನು ಹತ್ತು ವರ್ಷದ ಮಕ್ಕಳು ಅಲ್ಲಿ ಕುಳಿತು ಚರ್ಚಿಸುತ್ತಿದ್ದರು.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಕ್ಷಮೆ ದೊರೆಯುವುದು ಖಚಿತವೆಂದು ತಿಳಿದ ಕೆಲವರು ನ್ಯಾಯಾಲಯವನ್ನು ಹಾಸ್ಯಮಾಡಿದರು. ಸಲ್ಲದ ದೂರುಗಳ ರಾಶಿ ಬಿತ್ತು. ಒಮ್ಮೆ ಕೆಲವು ವಾರಗಳ ಕಾಲ ಅದನ್ನು ನಿಲ್ಲಿಸಿ, ಬದಲಾವಣೆಗಳನ್ನು ಮಾಡಿ, ಮತ್ತೆ ಆರಂಭಿಸಬೇಕಾಯಿತು. ಅದೇ ಕಾಲದಲ್ಲಿ ಅರ್ಧ ವರ್ಷದೊಳಗೆ ಐದು ಸಲ ಕೊರ್ಚಾಕರು ತಾವಾಗಿ ನ್ಯಾಯಾಲಯದ ಮುಂದೆ ನಿಂತರು. ಹುಡುಗನೊಬ್ಬನ ಕಿವಿಗೆ ಹೊಡೆದದ್ದು, ಇನ್ನೊಬ್ಬನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿದ್ದು, ಮತ್ತೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ನ್ಯಾಯಾಧೀಶರನ್ನು ಅವಮಾನಿಸಿದ್ದು, ಹುಡುಗಿಯೊಬ್ಬಳನ್ನು ಕಳ್ಳತನಕ್ಕಾಗಿ ಶಂಕಿಸಿದ್ದು, ಇವು ಆ ಐದು ಪ್ರಕರಣಗಳು. ಲಿಖಿತ ಹೇಳಿಕೆ ಕೊಟ್ಟರು. ಮಕ್ಕಳು ವಿಚಾರಿಸಿ ಕ್ಷಮಿಸಿದರು. ಮಕ್ಕಳನ್ನು ಪ್ರೀತಿಸುವುದು ಹೇಗೆಂದು ಗ್ರಂಥ ಬರೆದವರಿಗೂ ಕೈ ಮೀರಿದ ಗಳಿಗೆಗಳಿದ್ದವೆಂಬುದು ನಮ್ಮಂಥವರಿಗೆ ಒಂದು ಸಮಾಧಾನ. ಆದರೆ ಆ ಗಳಿಗೆಗಳನ್ನು ಮಕ್ಕಳ ಎದುರಿಗೇ ಲೆಕ್ಕಕ್ಕೆ ಇಟ್ಟದ್ದು ಸಮಾಧಾನದ ವಿಷಯವಲ್ಲ, ಸವಾಲಿನದು. ಆ ಐದು ಪ್ರಕರಣಗಳು ತಮ್ಮನ್ನು ಹೊಸ ಬಗೆಯ ಶಿಕ್ಷಕನನ್ನಾಗಿ ರೂಪಿಸಿದವೆಂದು ಅವರು ನಂಬಿದ್ದರು.

ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಓದಿ ನಕ್ಕಾರು. ಅವರ ಸಂದೇಹವೂ ನ್ಯಾಯವೇ. ಕೊರ್ಚಾಕರ ಮಕ್ಕಳು ಹಗಲಿರುಳೂ ಒಂದೇ ಮನೆಯಲ್ಲಿದ್ದವರು. ಪಾಠಕ್ಕೆ ಹೊರಗಿನ ಶಾಲೆಗಳಿಗೆ ಹೋಗುತ್ತಿದ್ದವರು. ಪಾಠಪಟ್ಟಿ, ಪರೀಕ್ಷೆ, ಕಲೋತ್ಸವ, ಮಧ್ಯಾಹ್ನದ ಊಟ, ಕಚೇರಿಗೆ ಕಳುಹಿಸಬೇಕಾದ ಅಂಕಿ ಅಂಶ, ಇವುಗಳ ನಡುವೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆಯುವ ನಮ್ಮ ಶಾಲೆಯಲ್ಲಿ ಸಾವಿರ ವಿಧಿಗಳ ಸಂಹಿತೆಗೆ ಎಡೆಯಿಲ್ಲ. ಇಲ್ಲಿ ನ್ಯಾಯಾಲಯ ಸ್ಥಾಪಿಸಬೇಕೆಂದು ನಾನು ಹೇಳುತ್ತಿಲ್ಲ. ಆ ನ್ಯಾಯಾಲಯದ ಹಿಂದಿದ್ದ ಒಂದು ಅಂಶವನ್ನು ಮಾತ್ರ ತೋರಿಸಬಯಸುತ್ತೇನೆ: ಮಕ್ಕಳಿಗೆ ಅನ್ವಯಿಸುವ ನಿಯಮ ಅಲ್ಲಿ ಗುರುಗಳಿಗೂ ಅನ್ವಯಿಸುತ್ತಿತ್ತು. ತಡವಾಗಿ ಬಂದ ಮಗು ಕಾರಣ ಹೇಳಬೇಕಾದರೆ ತಡವಾಗಿ ಬಂದ ಶಿಕ್ಷಕರೂ ಹೇಳಬೇಕು. ಇದಕ್ಕೆ ಹಣವೂ ಬೇಡ, ಮೇಲಧಿಕಾರಿಗಳ ಆದೇಶವೂ ಬೇಡ.

ಉಳಿದ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಅವರು ಮತ್ತೆ ಸೇನಾ ವೈದ್ಯರಾಗಬೇಕಾಯಿತು. ಮಕ್ಕಳನ್ನು ಪ್ರೀತಿಸುವ ಬಗೆಯನ್ನು ಕುರಿತ ಆ ಗ್ರಂಥದ ಬಹುಭಾಗ ಹುಟ್ಟಿದ್ದು ಆ ಯುದ್ಧಭೂಮಿಯಲ್ಲಿ. 1920ರಲ್ಲಿ ಅವರಿಗೆ ಟೈಫಸ್ ಜ್ವರ ತಗಲಿತು. ಶುಶ್ರೂಷೆ ಮಾಡಿದ ತಾಯಿಗೆ ಅದೇ ಜ್ವರ ಅಂಟಿ ಆಕೆ ತೀರಿಕೊಂಡರು. ಈ ದುಃಖ ಅವರನ್ನು ಬಹುಕಾಲ ಬಿಡಲಿಲ್ಲ. ಬಾಲರಾಜ ಮಾಟಿಯ ಕಥೆಯನ್ನು ಬರೆದು ಮಕ್ಕಳ ಲೇಖಕರಾಗಿ ಮನೆಮಾತಾದರು. 1926ರಲ್ಲಿ ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ವಾರ್ಸಾದ ದಿನಪತ್ರಿಕೆಯ ಪುರವಣಿಯಾಗಿ ಆರಂಭಿಸಿದರು; ಅದು 1939ರ ಸೆಪ್ಟೆಂಬರ್ 1ರವರೆಗೆ, ಅಂದರೆ ಜರ್ಮನಿ ಪೋಲೆಂಡಿನ ಮೇಲೆ ಬಿದ್ದ ದಿನದವರೆಗೂ ನಡೆಯಿತು. ರೇಡಿಯೋದಲ್ಲಿ ಮುದಿ ವೈದ್ಯನೆಂಬ ಹೆಸರಿನಲ್ಲಿ ಮಕ್ಕಳಿಗಾಗಿ ಮಾತಾಡಿದರು. ಯೆಹೂದಿಯೆಂಬ ಕಾರಣದಿಂದ ನಿಜವಾದ ಹೆಸರು ಹೇಳುವಂತಿರಲಿಲ್ಲ; ದ್ವೇಷ ಬೆಳೆದಾಗ 1936ರಲ್ಲಿ ಆ ಕಾರ್ಯಕ್ರಮವೂ ನಿಂತು, ಎರಡು ವರ್ಷಗಳ ಅನಂತರ ಮರಳಿ ಬಂದಿತು. ಮಗುವಿನ ಗೌರವದ ಹಕ್ಕನ್ನು ಕುರಿತ ಅವರ ಕಿರುಪುಸ್ತಕ 1929ರದು. ಮಕ್ಕಳ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ ಪ್ರಸ್ತಾವವನ್ನು ವಿಶ್ವಸಂಸ್ಥೆಯ ಮುಂದಿಟ್ಟ ದೇಶ ಪೋಲೆಂಡ್. 1989ರಲ್ಲಿ ಅಂಗೀಕೃತವಾದ ಆ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಅವರು ಮಾಡಿದ ಒಂದು ಪಾಠವನ್ನು ವಿದ್ಯಾರ್ಥಿಗಳು ಮರೆಯಲಿಲ್ಲ. ಪಾಠ ಏರ್ಪಾಡಾಗಿದ್ದುದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ. ಪುಟ್ಟ ಹುಡುಗನೊಬ್ಬನ ಕೈಹಿಡಿದು ಅವರು ಒಳಗೆ ಬಂದರು. ಗುರುತಿಲ್ಲದ ಕತ್ತಲೆಕೋಣೆ, ಅಪರಿಚಿತ ಮುಖಗಳು, ದೊಡ್ಡ ಯಂತ್ರ. ಹುಡುಗನನ್ನು ಯಂತ್ರದ ಹಿಂದೆ ನಿಲ್ಲಿಸಿ ದೀಪ ಆರಿಸಿದಾಗ ಪರದೆಯ ಮೇಲೆ ಹೃದಯವೊಂದು ಹುಚ್ಚೆದ್ದು ಬಡಿದುಕೊಳ್ಳುತ್ತಿರುವುದು ಕಂಡಿತು. ಮಗುವಿನ ಮೇಲೆ ಸಿಟ್ಟು ಬಂದು ಕೈ ಎತ್ತುವ ಮೊದಲು ಈ ದೃಶ್ಯವನ್ನು ನೆನೆದುಕೊಳ್ಳಬೇಕೆಂದು ಕೇಳಿಕೊಂಡು, ಇಂದಿನ ಪಾಠ ಇಷ್ಟೇ ಎಂದು ಹುಡುಗನನ್ನು ಕರೆದುಕೊಂಡು ಹೊರಟುಹೋದರು.

1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾದ ಯೆಹೂದಿಗಳನ್ನೆಲ್ಲ ಗೋಡೆಯೊಳಗಿನ ಕೇರಿಗೆ ತಳ್ಳಿದಾಗ ಅನಾಥಾಲಯವೂ ತನ್ನ ಮನೆಯನ್ನು ಬಿಡಬೇಕಾಯಿತು. ದಾರಿಯಲ್ಲಿ ಮಕ್ಕಳಿಗಾಗಿ ತಂದ ಆಲೂಗಡ್ಡೆಯ ಗಾಡಿಯನ್ನು ಕಾವಲುಗಾರರು ಕಿತ್ತುಕೊಂಡರು. ಅದನ್ನು ಕೇಳಲು ಹೋದ ಕೊರ್ಚಾಕರು, ಯೆಹೂದಿಗಳು ತೊಡಲೇಬೇಕಾಗಿದ್ದ ತೋಳಪಟ್ಟಿಯನ್ನು ತೊಡದೆ ಹೋದುದಕ್ಕಾಗಿ ಸೆರೆಮನೆ ಸೇರಿದರು. ಬಿಡುಗಡೆಯಾಗಿ ಬಂದಾಗ ಆರೋಗ್ಯ ಮುರಿದಿತ್ತು. ಆಮೇಲಿನ ದಿನಗಳಲ್ಲಿ ಮಕ್ಕಳ ಹೊಟ್ಟೆಗಾಗಿ ಮನೆಮನೆಗೆ ಅಲೆದು ಬೇಡುವುದೇ ಅವರ ಕೆಲಸವಾಯಿತು. ಆಗಲೂ ಮನೆಯೊಳಗೆ ಪಾಠ ನಡೆಯಿತು, ನ್ಯಾಯಾಲಯ ಕುಳಿತಿತು, ಮಕ್ಕಳನ್ನು ತೂಗಿ ತೂಕವನ್ನು ಬರೆದಿಡುವ ಹಳೆಯ ಪದ್ಧತಿ ಮುಂದುವರಿಯಿತು.

1942ರ ಜುಲೈ 18ರಂದು ಮಕ್ಕಳು ಒಂದು ನಾಟಕವಾಡಿದರು. ಅದು ರವೀಂದ್ರನಾಥ ಠಾಕೂರರ ಅಂಚೆಮನೆ. ಕಾಯಿಲೆಯಿಂದ ಕೋಣೆಯೊಳಗೇ ಉಳಿಯಬೇಕಾದ ಅಮಲ್ ಎಂಬ ಬಾಲಕ ಕಿಟಕಿಯ ಬಳಿ ಕುಳಿತು, ಹೋಗಿಬರುವವರೊಡನೆ ಮಾತಾಡುತ್ತ, ರಾಜನ ಪತ್ರಕ್ಕಾಗಿ ಕಾಯುವ ಕಥೆಯದು. ಬಂಗಾಳದ ಆ ನಾಟಕವನ್ನು ವಾರ್ಸಾದ ಗೋಡೆಯೊಳಗಿನ ಹಸಿದ ಮಕ್ಕಳು ತಮ್ಮದೆಂದೇ ಆಡಿದರು. ಸಾವನ್ನು ಶಾಂತವಾಗಿ ಎದುರುಗೊಳ್ಳಲು ಮಕ್ಕಳನ್ನು ಅಣಿಗೊಳಿಸುವುದಕ್ಕಾಗಿ ಕೊರ್ಚಾಕರು ಈ ನಾಟಕವನ್ನು ಆರಿಸಿದರೆಂದು ಹೇಳುವುದುಂಟು.

ನಾಲ್ಕು ದಿನಗಳ ಅನಂತರ, ಅವರ ಹುಟ್ಟುಹಬ್ಬದಂದೇ, ಕೇರಿಯ ಜನರನ್ನು ತ್ರೆಬ್ಲಿಂಕಾ ಮರಣಶಿಬಿರಕ್ಕೆ ಸಾಗಿಸುವ ಕಾರ್ಯ ಆರಂಭವಾಯಿತು. ಅವರೊಬ್ಬರನ್ನು ಪಾರುಮಾಡಲು ಗೋಡೆಯಾಚೆಯ ಮಿತ್ರರು ಹಲವು ಸಲ ಮುಂದಾಗಿದ್ದರು. ಅವರು ಒಪ್ಪಿರಲಿಲ್ಲ. ಆಗಸ್ಟಿನ ಆ ಬೆಳಿಗ್ಗೆ ಸೈನಿಕರು ಬಂದಾಗ ಮಕ್ಕಳು ಸಾಲಾಗಿ ಹೊರಟರು. ಮುಂದೆ ವೈದ್ಯರು, ಸ್ತೆಫಾನಿಯಾ ಮತ್ತು ಇತರ ಶಿಕ್ಷಕರು ಮಕ್ಕಳ ಜೊತೆಗೆ. ಬೇಸಗೆಯ ಬಿಸಿಲಿನಲ್ಲಿ ಕೇರಿಯ ಬೀದಿಗಳನ್ನು ಹಾದು ರೈಲಿನವರೆಗೆ ನಡೆದರು. ಹಿಂತಿರುಗಿ ಬಂದವರು ಯಾರೂ ಇಲ್ಲ.

ತ್ರೆಬ್ಲಿಂಕಾದಲ್ಲಿ ಇಂದು ಸುಮಾರು ಹದಿನೇಳು ಸಾವಿರ ಕಲ್ಲುಗಳ ಸ್ಮಾರಕವಿದೆ. ಬಹಳಷ್ಟು ಕಲ್ಲುಗಳ ಮೇಲೆ ಏನೂ ಬರೆದಿಲ್ಲ, ಕೆಲವುಗಳ ಮೇಲೆ ಊರುಗಳ ಹೆಸರುಗಳಿವೆ. ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ. ಅದರಲ್ಲಿ ಕೊರ್ಚಾಕರ ಹೆಸರೂ, ಅದರ ಜೊತೆಗೆ ಮಕ್ಕಳು ಎಂಬ ಪದವೂ ಇವೆ. ಕ್ರೊಖ್ಮಾಲ್ನಾ ಬೀದಿಯ ಮನೆ ಯುದ್ಧದಲ್ಲಿ ಹಾನಿಗೊಂಡರೂ ಉಳಿಯಿತು. ಯುದ್ಧದ ಅನಂತರ ಅದನ್ನು ದುರಸ್ತಿಗೊಳಿಸಿ ಮತ್ತೆ ಮಕ್ಕಳಿಗಾಗಿಯೇ ತೆರೆದರು. ವೈದ್ಯರು ವಾಸವಾಗಿದ್ದ ಮಾಡಿನ ಕೆಳಗಿನ ಕೋಣೆಯನ್ನು ಮಾತ್ರ ಮತ್ತೆ ಕಟ್ಟಲಿಲ್ಲ.